ಸೇಬಿನಲ್ಲಿದ್ದದ್ದು ವಿಷವೋ, ಮದ್ದೋ?

ಮಾನ್ಯರೇ,

ಸ್ನೋವೈಟ್ ಕಥೆಯನ್ನು ಮಲತಾಯಿಯ ಬಾಯಿಂದಲೇ ಹೇಳಿಸಿರುವ ನಿಮ್ಮ ಬರಹವನ್ನು ಒಂದೇ ಗುಕ್ಕಿಗೆ ಓದಿ ಮುಗಿಸಿದೆ. ಭಾಷೆ ಹದವಾಗಿದೆ, ಕನ್ನಡಿಯ ಮುಂದೆ ರಾಣಿ ತಲೆ ಬಾಚಿಕೊಳ್ಳುವ ಭಾಗವಂತೂ ಚೆನ್ನಾಗಿದೆ. ಆದರೆ ಕೊನೆಯ ಪುಟದ ತಿರುವು ನನ್ನನ್ನು ರೇಗಿಸಿತು.

ಅಲ್ಲಿ ರಾಣಿ, ಸೇಬಿನಲ್ಲಿದ್ದದ್ದು ವಿಷವಲ್ಲ, ಹುಡುಗಿಯ ಹುಟ್ಟುರೋಗ ವಾಸಿಮಾಡುವ ಔಷಧಿ ಎನ್ನುತ್ತಾಳೆ. ತಕ್ಷಣ ಮೂರನೆಯ ಪುಟಕ್ಕೆ ಮರಳಿದೆ. 'ಸೇಬಿನ ಕೆಂಪು ಭಾಗಕ್ಕೆ ಮಾತ್ರ ವಿಷ ಸವರಿದೆ' ಎಂದಿದೆ. ಹೇಳುತ್ತಿರುವವಳು ರಾಣಿ, ಸವರಿದ್ದೇನೆಂದು ಬಲ್ಲವಳೂ ಅವಳೇ. ಮುಂದಿನ ಸಾಲು, 'ಇವಳು ಸತ್ತರೆ ನನಗೆ ನೆಮ್ಮದಿ.' ಬಾಗಿಲು ಹಾಕಿಕೊಂಡು ಒಬ್ಬಳೇ ಕುಳಿತವಳು ಮನಸ್ಸಿನಲ್ಲಿ ಹೀಗೆ ಅಂದುಕೊಂಡದ್ದು ಯಾರನ್ನು ನಂಬಿಸಲು? ಬೇಟೆಗಾರನಿಗೋ ರಾಜನಿಗೋ ಸುಳ್ಳು ಹೇಳಲು ಅವಳಿಗೆ ಕಾರಣವಿದ್ದೀತು; ಓದುಗನಾದ ನನಗೆ ಸುಳ್ಳು ಹೇಳುವ ಅಗತ್ಯ ಇದ್ದದ್ದು ನಿಮಗೆ ಮಾತ್ರ.

ಎರಡನೆಯ ಸಾಲನ್ನು ಹೊಡೆದುಹಾಕಿ. ಮೊದಲನೆಯದರಲ್ಲಿ 'ವಿಷ' ತೆಗೆದು 'ಮದ್ದು' ಎಂದು ಬರೆದು ನೋಡಿ. ಕಾಯಿಲೆಗೂ ಮದ್ದು, ಊಟದಲ್ಲಿ ಕದ್ದು ಹಾಕುವುದೂ ಮದ್ದು. ಮೊದಲ ಓದಿಗೆ ನಾನು ಕೇಡನ್ನೇ ಊಹಿಸುತ್ತೇನೆ, ಕೊನೆ ಮುಟ್ಟಿ ಹಿಂದಿರುಗಿದಾಗ ರಾಣಿ ನಿಜವನ್ನೇ ಹೇಳಿದ್ದಳೆಂದು ತಿಳಿದು ನಾಚುತ್ತೇನೆ. ಇಂಥ ಪದ ಕೈಯಲ್ಲೇ ಇರುವಾಗ ಸುಳ್ಳೇಕೆ?

ಹಳೆಯ ಕಥೆಯನ್ನು ಬದಲಿಸಬಾರದೆಂದು ನಾನು ಹೇಳುತ್ತಿಲ್ಲ. ಈ ಕಥೆಯನ್ನು ಸಂಗ್ರಹಿಸಿ ಪ್ರಕಟಿಸಿದ ಜರ್ಮನಿಯ ಗ್ರಿಮ್ ಸಹೋದರರ 1812ರ ಮೊದಲ ಆವೃತ್ತಿಯಲ್ಲಿ ಈ ರಾಣಿ ಹೆತ್ತ ತಾಯಿಯೇ ಆಗಿದ್ದಳು. 1819ರಲ್ಲಿ ಅವಳನ್ನು ಮಲತಾಯಿಯಾಗಿಸುವಾಗ ಅವರು ಕಥೆಯ ಆರಂಭಕ್ಕೇ ಹೋಗಿ, ಮಗು ಹುಟ್ಟುತ್ತಲೇ ತಾಯಿ ತೀರಿಕೊಂಡಳು, ವರ್ಷದ ಬಳಿಕ ರಾಜ ಬೇರೊಬ್ಬಳನ್ನು ಮದುವೆಯಾದ ಎಂದು ಸೇರಿಸಿದರು.

ಪತ್ರಿಕೆಯೊಂದರಲ್ಲಿ ಕರಡು ತಿದ್ದುತ್ತಿದ್ದ ದಿನಗಳಲ್ಲಿ ನಾನೂ ಇಂಥದ್ದೊಂದು ಕಥೆ ಬರೆದು, ಸತ್ತವನನ್ನು ಕೊನೆಯಲ್ಲಿ ಬದುಕಿಸಿ, ಬೀಗುತ್ತಾ ಹಿರಿಯ ಸಂಪಾದಕರ ಮೇಜಿನ ಮೇಲಿಟ್ಟಿದ್ದೆ. ಅದು ಮರಳಿ ಬಂದಾಗ ಕೊನೆಯ ಪುಟದ ಅಂಚಿನಲ್ಲಿ ಪೆನ್ಸಿಲಿನಿಂದ, 'ಇದು ನಿನಗೆ ಯಾವಾಗ ಗೊತ್ತಾಯಿತು?' ಎಂದಿತ್ತು. ಆ ಪುಟ ಬರೆಯುವಾಗ, ಎಂದು ಒಪ್ಪಿಕೊಂಡೆ. 'ಹಾಗಾದರೆ ಮೊದಲ ಪುಟಕ್ಕೆ ಇನ್ನೂ ಸುದ್ದಿ ಮುಟ್ಟಿಲ್ಲ' ಎಂದು ಅವರು ಮುಂದಿನ ಕರಡಿಗೆ ಕೈ ಹಾಕಿದರು. ನನಗೆ ಆಗ ಸಿಟ್ಟು ಬಂದಿತ್ತು, ನಿಮಗೂ ಬಂದರೆ ತಪ್ಪಿಲ್ಲ.

ಮೂರನೆಯ ಪುಟದಿಂದ ತಿದ್ದಿ ಕಳುಹಿಸಿ. ಕನ್ನಡಿಯ ಭಾಗವನ್ನು ಮಾತ್ರ ಮುಟ್ಟಬೇಡಿ.

ಇತಿ,
ಸಂಪಾದಕ