ಬೂಟು ಹಾಕಿಕೊಂಡು ಕೂರುವ ಮಾವ

ಪ್ರಶ್ನೆ (ಜೂನ್ 2021): ಮಾವನಿಗೆ 74. ದಿನಾ ಗೆಳೆಯರೊಬ್ಬರ ಜೊತೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಿದ್ದರು. ಮೇ ಮೊದಲ ವಾರ ಆ ಗೆಳೆಯರು ಕೋವಿಡ್‌ನಿಂದ ತೀರಿಕೊಂಡರು. ಮಾವ ತಡೆದುಕೊಳ್ಳಲಾರರು ಅಂತ ಎರಡು ವಾರ ಹೇಳಲಿಲ್ಲ. ವಾಟ್ಸಾಪ್‌ನಲ್ಲಿ ಯಾರೋ ಹಾಕಿದ ಫೋಟೊ ನೋಡಿ ಗೊತ್ತಾಯಿತು. ಅಳಲೇ ಇಲ್ಲ. ಈಗ ಬೆಳಿಗ್ಗೆ ಆರಕ್ಕೆ ಬೂಟು ಹಾಕಿಕೊಂಡು ವರಾಂಡದಲ್ಲಿ ಸುಮ್ನೆ ಕೂರುತ್ತಾರೆ. ಊಟ ಅರ್ಧಕ್ಕೇ ಬಿಡುತ್ತಾರೆ, ರಾತ್ರಿ ಮೂರಕ್ಕೇ ಎಚ್ಚರ. ‘ಇನ್ನೇನಿದೆ’ ಅನ್ನುತ್ತಾರೆ. ನನ್ನ ಗಂಡ ‘ವಯಸ್ಸಾಯ್ತು, ಬಿಡು’ ಅಂತಾರೆ.
– ಸೊಸೆ, ಮೈಸೂರು

ಉತ್ತರ: ಮಾರ್ಚ್‌ನಲ್ಲೂ ಅವರಿಗೆ ಇದೇ ವಯಸ್ಸು. ಆಗ ಕೆರೆ ಸುತ್ತುತ್ತಿದ್ದರಲ್ವಾ?

ಒಳ್ಳೆಯದಕ್ಕೇ ಮುಚ್ಚಿಟ್ಟಿರಿ, ಈ ವರ್ಷ ಎಷ್ಟೋ ಮನೆಗಳಲ್ಲಿ ಹಾಗೇ ಆಗಿದೆ. ಆದರೆ ಗೆಳೆಯ ಹೋಗಿ ಎರಡು ವಾರ ಅವರು ನಿಮ್ಮ ಜೊತೆ ಕೂತು ಕಾಫಿ ಕುಡಿದಿದ್ದಾರೆ, ಟಿವಿ ನೋಡಿ ನಕ್ಕಿದ್ದಾರೆ. ಗೊತ್ತಾಗುವಷ್ಟರಲ್ಲಿ ಹನ್ನೊಂದನೇ ದಿನವೂ ಮುಗಿದಿತ್ತು. ಆ ಸಂಕಟಕ್ಕೆ ದಾರಿಯೇ ಸಿಕ್ಕಿಲ್ಲ. ನಿಮ್ಮ ಗಂಡನೇ ಪಕ್ಕದಲ್ಲಿ ಕೂತು ‘ಹೇಳಬೇಕಿತ್ತಪ್ಪ, ತಪ್ಪಾಯ್ತು’ ಅನ್ನಲಿ. ಕಾರಣ ವಿವರಿಸುವುದು ಬೇಡ. ಆಮೇಲೆ ಗೆಳೆಯರ ಹೆಂಡತಿಗೆ ಫೋನ್ ಮಾಡಿಕೊಡಿ. ಆ ಹೆಂಗಸಿಗೂ ಗಂಡನ ವಿಷಯ ಮಾತಾಡುವವರು ಬೇಕಾಗಿರುತ್ತಾರೆ.

ಬೂಟು ಬಿಚ್ಚಿಸಬೇಡಿ. ಆರಕ್ಕೆ ನೀವೂ ಎದ್ದು ತಾರಸಿ ಮೇಲೆ ನಾಲ್ಕು ಸುತ್ತು ಕರೆದುಕೊಂಡು ಹೋಗಿ. ‘ಧೈರ್ಯವಾಗಿರಿ’ ಅನ್ನಬೇಡಿ, ಅವರು ಗೆಳೆಯನ ವಿಷಯ ತೆಗೆದರೆ ಕೇಳಿಸಿಕೊಳ್ಳಿ.

ಇಷ್ಟೇ ಸಾಲದು, ಡಾಕ್ಟರೂ ಬೇಕು. ವಯಸ್ಸಾದವರಲ್ಲಿ ಖಿನ್ನತೆ ಅಳುವಾಗಿ ಬರುವುದು ಕಡಿಮೆ. ನಿದ್ದೆಗೆಡುವುದು, ಊಟ ಸೇರದಿರುವುದು, ಮೈಕೈ ನೋವು, ಮರೆವು, ಹೀಗೆ ಬರುತ್ತದೆ. ಎರಡು ವಾರ ದಾಟಿದರೆ ತೋರಿಸಲೇಬೇಕು. ಥೈರಾಯ್ಡ್, ವಿಟಮಿನ್ ಬಿ12 ಕಡಿಮೆಯಾದರೂ ಹೀಗೇ ಕಾಣಬಹುದು, ರಕ್ತ ಪರೀಕ್ಷೆಯೂ ಆಗಲಿ. ಆಸ್ಪತ್ರೆಗೆ ಹೋಗಲು ಭಯವಿದ್ದರೆ ಸರ್ಕಾರದ ಇ-ಸಂಜೀವಿನಿಯಲ್ಲಿ ಮನೆಯಿಂದಲೇ ಡಾಕ್ಟರ ಜೊತೆ ಮಾತಾಡಬಹುದು. ನಿಮ್ಹಾನ್ಸ್ ಸಹಾಯವಾಣಿ 080-46110007 ಹಗಲೂ ರಾತ್ರಿ ಸಿಗುತ್ತದೆ, ಹಿರಿಯರಿಗೆಂದೇ 14567 ಇದೆ. ಖಿನ್ನತೆಯ ಮಾತ್ರೆಗೆ ದಾಸರಾಗುತ್ತಾರೆ ಅನ್ನುವ ಹೆದರಿಕೆ ಬೇಡ. ಕೆಲಸ ಮಾಡಲು ಕೆಲವು ವಾರ ಬೇಕು, ತಾವಾಗಿ ನಿಲ್ಲಿಸಬಾರದು, ಅಷ್ಟೆ. ಮೆಡಿಕಲ್ ಸ್ಟೋರಿನಿಂದ ನಿದ್ದೆ ಮಾತ್ರೆ ಮಾತ್ರ ನೀವೇ ತರಬೇಡಿ. ಆ ಮಂಪರಿನಲ್ಲಿ ಬಾತ್‌ರೂಮಿಗೆ ಹೋಗಿ ಬಿದ್ದು ಸೊಂಟದ ಮೂಳೆ ಮುರಿದುಕೊಳ್ಳುವವರು ಕಡಿಮೆಯಿಲ್ಲ.

ಇನ್ನೊಂದು ಮಾತು, ಕಷ್ಟದ್ದು. ‘ಇನ್ನೇನಿದೆ’ ಅಂದಾಗ ಮಾತು ಮರೆಸಬೇಡಿ. ‘ಮಾವ, ಬದುಕೋದೇ ಬೇಡ ಅನ್ನಿಸ್ತಿದೆಯಾ?’ ಅಂತ ನೇರವಾಗಿ ಕೇಳಿ. ಕೇಳಿದರೆ ಇಲ್ಲದ ಯೋಚನೆ ಹುಟ್ಟುವುದಿಲ್ಲ. ಇದ್ದರೆ ಹೇಳಿಕೊಳ್ಳಲು ದಾರಿಯಾಗುತ್ತದೆ. ಹೌದು ಅಂದರೆ ಅವತ್ತೇ ಡಾಕ್ಟರಿಗೆ ತಿಳಿಸಿ. ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ಡಬ್ಬಿಯೂ ನಿಮ್ಮ ಹತ್ತಿರವೇ ಇರಲಿ. ರಾತ್ರಿ ನಿಮ್ಮ ಗಂಡ ಅವರ ರೂಮಿನಲ್ಲೇ ಮಲಗಲಿ.