ಪ್ಲೇಟಿಂಗ್ ಘಟಕದ ಹೊಂಡಕ್ಕೆ ಕೃಷಿ ಹೊಂಡದ ಶೀಟ್ ಸಾಕೇ?

ಎಲೆಕ್ಟ್ರೋಪ್ಲೇಟಿಂಗ್ (ಕರೆಂಟ್‌ನಿಂದ ಲೋಹದ ಲೇಪ ಹಾಕುವ) ಘಟಕದ ಆ್ಯಸಿಡ್ ನೀರು ನಿಲ್ಲಿಸುವ ಹೊಂಡಕ್ಕೆ ಕೃಷಿ ಹೊಂಡದ 500 ಮೈಕ್ರಾನ್ ಶೀಟ್ ನಡೆಯುತ್ತದಾ, ಇಲ್ಲ ಪಿವಿಸಿ ಹಾಕಿಸಬೇಕಾ ಅಂತ ಕೇಳಿದ್ದೀರಿ. ಎರಡೂ ಬೇಡ. ನಾನು ಲೈನಿಂಗ್ ಹಾಕುವ ಕೆಲಸದಲ್ಲೇ ಇರುವವನು.

ಕೃಷಿ ಹೊಂಡದ್ದು ಬಹುಪಾಲು ನೇಯ್ದ ಪ್ಲಾಸ್ಟಿಕ್ ಬಟ್ಟೆಯ ಮೇಲೆ ತೆಳು ಪದರ ಹಚ್ಚಿದ ಶೀಟ್. ಮಳೆನೀರಿಗೆ ಒಳ್ಳೆಯದೇ. ಅಲ್ಲಿ ಸೋರಿದರೆ ನೀರು ಹೋಯಿತು, ಅಷ್ಟೆ. ನಿಮ್ಮಲ್ಲಿ ಸೋರಿದರೆ ಕ್ರೋಮಿಯಂ ಎಂಬ ವಿಷದ ಲೋಹ ಪಕ್ಕದವರ ಬೋರ್‌ವೆಲ್ ಸೇರುತ್ತದೆ. ಪಿವಿಸಿ ಮೆತ್ತಗಿರುವುದು ಅದಕ್ಕೆ ಬೆರೆಸಿದ ಪ್ಲಾಸ್ಟಿಸೈಜರ್‌ನಿಂದ. ಬಿಸಿಲಲ್ಲಿ ಅದು ಆರಿಹೋದ ಮೇಲೆ ಉಳಿಯುವುದು ಹಪ್ಪಳ.

1.5 ಎಂಎಂ ಎಚ್‌ಡಿಪಿಇ (ಗಟ್ಟಿ ಪಾಲಿಥಿನ್) ಶೀಟ್ ಹಾಕಿಸಿ, ಬಿಸಿಲು ತಡೆಯಲು 2ರಿಂದ 3 ಶೇಕಡ ಕಾರ್ಬನ್ ಬ್ಲ್ಯಾಕ್, ಅಂದರೆ ನುಣ್ಣನೆ ಮಸಿಪುಡಿ, ಇರುವಂಥದ್ದು. ಹೈಡ್ರೋಕ್ಲೋರಿಕ್ ಆ್ಯಸಿಡ್, ತೆಳು ಸಲ್ಫ್ಯೂರಿಕ್, ಕಾಸ್ಟಿಕ್ ಯಾವುದಕ್ಕೂ ಜಗ್ಗುವುದಿಲ್ಲ. ಪ್ಲೇಟಿಂಗ್ ತೊಟ್ಟಿಯ (ಬಾತ್‌ನ) ಬಿಸಿ ನೀರನ್ನು ಮಾತ್ರ ನೇರ ಬಿಡಬೇಡಿ, 60 ಡಿಗ್ರಿ ದಾಟಿದರೆ ಅದರ ಆಯಸ್ಸು ಬೇಗ ಮುಗಿಯುತ್ತದೆ.

ನೀವು ಬರೆಯದೆ ಬಿಟ್ಟ ವಿಷಯ ಒಂದಿದೆ: ಗ್ರೀಸ್ ತೆಗೆಯಲು ಏನು ಬಳಸುತ್ತೀರಿ? ಒಂದು ಘಟಕದವರು ನಮಗೂ ಆ್ಯಸಿಡ್‌ಗಳ ಪಟ್ಟಿ ಮಾತ್ರ ಕೊಟ್ಟಿದ್ದರು. ಅವರ ಹೊಂಡದ ತಳದ ನೀರಲ್ಲೇ ಶೀಟಿನ ತುಂಡು ಮುಳುಗಿಸಿಟ್ಟೆವು. ತಿಂಗಳಾದ ಮೇಲೆ ತೆಗೆದರೆ ತುಂಡು ಉಬ್ಬಿ, ಅಂಚು ಅಲೆಯಲೆಯಾಗಿ, ಉಗುರು ಊರಿದರೆ ಗುರುತು ಬೀಳುವಷ್ಟು ಮೆತ್ತಗಾಗಿತ್ತು. ಕಾರಣ ಅವರು ಗ್ರೀಸ್ ತೆಗೆಯಲು ಬಳಸುತ್ತಿದ್ದ ದ್ರಾವಕ, ಟ್ರೈಕ್ಲೋರೋಎಥಿಲೀನ್. ಅದು ನೀರಿಗಿಂತ ಭಾರ, ತಳಕ್ಕಿಳಿದು ಶೀಟಿನ ಮೇಲೇ ಕೂತಿರುತ್ತದೆ. ತೂತೇ ಇಲ್ಲದ ಎಚ್‌ಡಿಪಿಇ ಒಳಗಿಂದಲೂ ನಿಧಾನವಾಗಿ ಇಂಗಿ ಆಚೆ ಹೋಗುತ್ತದೆ. ಅದನ್ನು ಹೊಂಡಕ್ಕೆ ಬಿಡಲೇಬೇಡಿ, ಡ್ರಮ್‌ನಲ್ಲಿ ಬೇರೆ ಇಡಿ. ಶೀಟ್ ದಪ್ಪ ಮಾಡಿಸಿದರೆ ಇದು ಬಗೆಹರಿಯುವುದಿಲ್ಲ, ಮಾರುವವರು ಏನೇ ಹೇಳಲಿ.

ಇನ್ನು ಜೋಡಣೆ. ಸೋರುವುದು ಹೆಚ್ಚಾಗಿ ಶೀಟ್ ಹರಿದಲ್ಲ, ವೆಲ್ಡಿಂಗ್ ಬಿಟ್ಟು. ಎರಡು ಸಾಲು ವೆಲ್ಡ್ ಮಾಡಿ ನಡುವೆ ಗಾಳಿ ಹೋಗುವ ಕಾಲುವೆ ಬಿಡಿಸಿ. ಎರಡೂ ತುದಿ ಮುಚ್ಚಿ ಸುಮಾರು 2 ಬಾರ್ ಗಾಳಿ ತುಂಬಿಸಿ, ಐದು ನಿಮಿಷ ಒತ್ತಡದ ಮೀಟರಿನ ಮುಳ್ಳು ಇಳಿಯುತ್ತದಾ ನೋಡಿ. ಕೊನೆಗೆ ಆಚೆ ತುದಿ ಕತ್ತರಿಸಿದಾಗ ಮುಳ್ಳು ದಿಢೀರ್ ಇಳಿಯಬೇಕು. ಇಳಿಯದಿದ್ದರೆ ಕಾಲುವೆ ನಡುವೆಲ್ಲೋ ಕಟ್ಟಿದೆ, ನೀವು ಅರ್ಧ ಜೋಡಣೆಯನ್ನಷ್ಟೇ ಪರೀಕ್ಷಿಸಿದ್ದೀರಿ. ಗುತ್ತಿಗೆದಾರರು ಈ ಕತ್ತರಿಸುವ ಕೆಲಸ ತಪ್ಪಿಸಲು ನೋಡುತ್ತಾರೆ, ಪಕ್ಕದಲ್ಲೇ ನಿಂತಿರಿ.

ಮಧ್ಯಾಹ್ನದ ಬಿಸಿಲಲ್ಲಿ ಎಳೆದು ಹಾಸಲು ಬಿಡಬೇಡಿ. 20 ಮೀಟರ್ ಶೀಟ್ 30 ಡಿಗ್ರಿ ತಣ್ಣಗಾದರೆ ಸುಮಾರು 12 ಸೆಂಟಿಮೀಟರ್ ಕುಗ್ಗುತ್ತದೆ. ಬೆಳಗ್ಗೆ ನೋಡಿದರೆ ತಳದ ಮೂಲೆಯಲ್ಲಿ ನೆಲ ಬಿಟ್ಟು ತಮಟೆಯ ಹಾಗೆ ಬಿಗಿದಿರುತ್ತದೆ. ಶೀಟಿನ ಕೆಳಗೆ ಜಿಯೋಟೆಕ್ಸ್‌ಟೈಲ್ (ಕಂಬಳಿಯಂಥ ದಪ್ಪ ಬಟ್ಟೆ) ಇರಲಿ. ನಿಮ್ಮಂಥ ನೀರಿಗೆ ಎರಡು ಶೀಟ್ ಹಾಕಿ, ನಡುವೆ ಸೋರಿಕೆ ಹಿಡಿಯುವ ಜಾಲರಿ ಇಡುವುದೇ ಸರಿ. ಅನುಮತಿ ಪತ್ರದ ಷರತ್ತೂ ನೋಡಿಕೊಳ್ಳಿ.

ಆರ್ಡರ್ ಕೊಡುವ ಮೊದಲು ಶೀಟಿನ ಅಂಗೈಯಗಲದ ತುಂಡುಗಳನ್ನು ತೂಗಿ, ಗಾಜಿನ ಬಾಟಲಿಗಳಲ್ಲಿ ನಿಮ್ಮದೇ ನೀರಿನಲ್ಲಿ ಮುಳುಗಿಸಿ. ಒಂದು ಬಾಟಲಿ ಕೋಣೆಯ ಮಾಮೂಲಿ ಬಿಸಿಯಲ್ಲಿ, ಇನ್ನೊಂದು 50 ಡಿಗ್ರಿಯಲ್ಲಿ. ತೂಕ ಏರಿದರೆ ಶೀಟ್ ಏನನ್ನೋ ಹೀರುತ್ತಿದೆ ಅಂತ ಅರ್ಥ. ಲ್ಯಾಬ್‌ನವರು 120 ದಿನ ಇಡುತ್ತಾರೆ, ತಿಂಗಳಿಗೊಮ್ಮೆ ನೋಡುತ್ತಾರೆ. ಅಷ್ಟು ಪುರುಸೊತ್ತಿಲ್ಲದಿದ್ದರೆ ಮೊದಲ ತಿಂಗಳ ತೂಕವಾದರೂ ಬರೆದಿಟ್ಟುಕೊಳ್ಳಿ.