ಟ್ಯೂಬ್ ಮುಚ್ಚಬೇಡಿ, ಹೈಡ್ರೋಜನ್ ಹೊರಗೆ ಹೋಗಲಿ

ಪ್ರಶ್ನೆ: ಎಂ.ಎಸ್ಸಿ. ಪ್ರಾಜೆಕ್ಟ್‌ಗೆ ಹೆಕ್ಸನಾಲ್‌ನಿಂದ ನೇರವಾಗಿ ಎಸ್ಟರ್ ಮಾಡುತ್ತಿದ್ದೇನೆ. ರಸಾಯನವಿಜ್ಞಾನಿ ಮಿಲ್‌ಸ್ಟೈನ್ ಅವರ ರುಥೇನಿಯಂ ಕೆಟಲಿಸ್ಟ್ (ವೇಗವರ್ಧಕ), ದ್ರಾವಕವಾಗಿ ಟಾಲೂಯೀನ್, ಬಿಗಿಯಾಗಿ ಮುಚ್ಚಿದ ಗಾಜಿನ ಟ್ಯೂಬ್. ರಾತ್ರಿಯಿಡೀ ಬಿಸಿ ಮಾಡಿದರೂ ಅರ್ಧಕ್ಕಿಂತ ಜಾಸ್ತಿ ಆಲ್ಕೋಹಾಲ್ ಹಾಗೇ ಉಳಿಯುತ್ತದೆ. ಕೆಟಲಿಸ್ಟ್ ಸತ್ತಿದೆಯೇ?
– ವಿದ್ಯಾರ್ಥಿನಿ, ಬೆಂಗಳೂರು

ಉತ್ತರ: ಕೆಟಲಿಸ್ಟ್ ಮೇಲೆ ಅನುಮಾನ ಆಮೇಲೆ. ಮೊದಲು ಆ ಮುಚ್ಚಳ ನೋಡಿ. ಇನ್ನು ಮುಂದೆ ಈ ಕ್ರಿಯೆಗೆ ಮುಚ್ಚಿದ ಟ್ಯೂಬ್ ಬಳಸಲೇಬೇಡಿ.

ಬಿ.ಎಸ್ಸಿ.ಯಲ್ಲಿ ಆಮ್ಲ, ಆಲ್ಕೋಹಾಲ್ ಸೇರಿಸಿ ಎಸ್ಟರ್ ಮಾಡುವ ಫಿಷರ್ ವಿಧಾನ ಮಾಡಿರುತ್ತೀರಿ. ಅಲ್ಲಿ ಹೊರಬರುವುದು ನೀರು. ಅದನ್ನು ತೆಗೆಯದಿದ್ದರೆ ಕ್ರಿಯೆ ಅರ್ಧದಲ್ಲೇ ನಿಲ್ಲುತ್ತದೆ, ಅದಕ್ಕೇ ನೀರನ್ನು ಬೇರ್ಪಡಿಸುವ ಡೀನ್-ಸ್ಟಾರ್ಕ್ ಉಪಕರಣ ಹಾಕುತ್ತೇವೆ, ಅಲ್ವಾ? ಇಲ್ಲಿ ನೀರಿನ ಬದಲು ಹೈಡ್ರೋಜನ್. ರುಥೇನಿಯಂ ಆಲ್ಕೋಹಾಲ್‌ನಿಂದ ಹೈಡ್ರೋಜನ್ ಕಿತ್ತುಕೊಂಡರೆ ಆಲ್ಡಿಹೈಡ್ ಸಿಗುತ್ತದೆ. ಅದಕ್ಕೆ ಇನ್ನೊಂದು ಆಲ್ಕೋಹಾಲ್ ಸೇರಿದರೆ ಹೆಮಿಅಸೆಟಾಲ್. ಅದೂ ಹೈಡ್ರೋಜನ್ ಕಳೆದುಕೊಂಡರೆ ಎಸ್ಟರ್. ಈ ದಾರಿಯಲ್ಲಿ ಹಿಂದಕ್ಕೂ ಬರಬಹುದು. ಮಿಲ್‌ಸ್ಟೈನ್ ತಂಡ 2005ರಲ್ಲಿ ಆಲ್ಕೋಹಾಲ್‌ನಿಂದ ಎಸ್ಟರ್ ಮಾಡಿ ತೋರಿಸಿತು. ಮರುವರ್ಷವೇ ಅದೇ ಜಾತಿಯ ಕೆಟಲಿಸ್ಟ್‌ನಿಂದ, ಸುಮಾರು 5 ಅಟ್ಮಾಸ್ಫಿಯರ್ ಹೈಡ್ರೋಜನ್ ಒತ್ತಡದಲ್ಲಿ, ಎಸ್ಟರನ್ನು ಮತ್ತೆ ಆಲ್ಕೋಹಾಲ್ ಮಾಡಿತು.

ಈಗ ನಿಮ್ಮ ಟ್ಯೂಬಿನ ಲೆಕ್ಕ ಹಾಕಿ. ಒಂದು ಗ್ರಾಂ ಹೆಕ್ಸನಾಲ್ ಅಂದರೆ ಹತ್ತಿರ ಹತ್ತಿರ 10 ಮಿಲಿಮೋಲ್. ಪೂರ್ತಿ ಎಸ್ಟರ್ ಆದರೆ ಅಷ್ಟೇ ಮಿಲಿಮೋಲ್ ಹೈಡ್ರೋಜನ್, ಅಂದರೆ ಸುಮಾರು 240 ಮಿಲಿಲೀಟರ್ ಅನಿಲ. ಟ್ಯೂಬಿನಲ್ಲಿ ಖಾಲಿ ಜಾಗ 25 ಮಿಲಿಲೀಟರ್ ಇದ್ದರೆ, ತಣ್ಣಗಿರುವಾಗಲೇ ಸುಮಾರು 10 ಅಟ್ಮಾಸ್ಫಿಯರ್. ಅಷ್ಟು ಒತ್ತಡ ಏರುವ ಮೊದಲೇ ಕ್ರಿಯೆ ಹಿಂದಕ್ಕೆ ತಿರುಗುತ್ತದೆ. ನಿಮ್ಮ ಆಲ್ಕೋಹಾಲ್ ಉಳಿದದ್ದು ಹೀಗೆ. ಗಾಜು ಒಡೆಯಲಿಲ್ಲವಲ್ಲ, ನನಗೆ ಅದೇ ದೊಡ್ಡ ಸಮಾಧಾನ.

ರೌಂಡ್ ಬಾಟಮ್ ಫ್ಲಾಸ್ಕ್, ಮೇಲೆ ಕಂಡೆನ್ಸರ್, ಆರ್ಗಾನ್ ಸಣ್ಣಗೆ ಹರಿಯಲಿ, ತುದಿಯಲ್ಲಿ ಎಣ್ಣೆ ಬಬ್ಲರ್ (ಅನಿಲ ಎಣ್ಣೆಯ ಮೂಲಕ ಗುಳ್ಳೆಯಾಗಿ ಹೊರಹೋಗುವ ಸಾಧನ). ಎಲ್ಲವೂ ಫ್ಯೂಮ್ ಹುಡ್ ಒಳಗೆ, ಹತ್ತಿರ ಬೆಂಕಿ ಬೇಡ. ಬಲೂನ್ ಕಟ್ಟುವುದೂ ಬೇಡ, ಅದರಲ್ಲಿ ಹೈಡ್ರೋಜನ್ ಅಲ್ಲೇ ಕೂರುತ್ತದೆ. ನಮ್ಮೂರು ಸುಮಾರು 900 ಮೀಟರ್ ಎತ್ತರದಲ್ಲಿದೆ. ಹಾಗಾಗಿ ಟಾಲೂಯೀನ್ ಇಲ್ಲಿ 110ರ ಬದಲು 107 ಡಿಗ್ರಿ ಆಸುಪಾಸಿನಲ್ಲೇ ಕುದಿಯುತ್ತದೆ. ಸ್ವಲ್ಪ ಜಾಸ್ತಿ ಹೊತ್ತು ಕೊಡಿ, ಅಷ್ಟೆ.

ಆಲ್ಕೋಹಾಲ್ ಮಾತ್ರ ಚೆನ್ನಾಗಿ ಒಣಗಿರಲಿ. ನೀರಿದ್ದರೆ ಆಲ್ಡಿಹೈಡ್ ಎಸ್ಟರ್ ಆಗುವ ಬದಲು ಆಮ್ಲದ ಕಡೆ ಹೋಗಬಹುದು. ಕೆಟಲಿಸ್ಟ್ ಜೊತೆ ಚೂರು ಬೇಸ್ (ಪ್ರತ್ಯಾಮ್ಲ) ಹಾಕಿದ್ದರೆ ಆ ಆಮ್ಲ ಅದನ್ನು ತಿಂದುಬಿಡುತ್ತದೆ.

ಕುದಿ ಒಂದೇ ಸಮಕ್ಕೆ ಬಂದ ಮೇಲೆ ಆರ್ಗಾನ್ ಅನ್ನು ಒಂದು ನಿಮಿಷ ನಿಲ್ಲಿಸಿ, ಬಬ್ಲರ್ ನೋಡಿ. ಎಣ್ಣೆಯಲ್ಲಿ ಗುಳ್ಳೆಗಳು ತಾವಾಗಿಯೇ ಏಳುತ್ತಿದ್ದರೆ ಕೆಟಲಿಸ್ಟ್ ಬದುಕಿದೆ.